ಚೆಂಡು ಕೈಯಲ್ಲಿಲ್ಲದಾಗ

ದುಬೈಯಲ್ಲಿ ನಾನು ಎಸೆದ ಮೊದಲ ಚೆಂಡು ಬುಟ್ಟಿಯ ಕಡೆಗೆ ಹೋಗಲೇ ಇಲ್ಲ. ಬೆರಳು ಬಿಟ್ಟ ಕ್ಷಣದಲ್ಲೇ ಎಲ್ಲಿಂದಲೋ ಒಂದು ಉದ್ದನೆಯ ಕೈ ಬಂದು ಅದನ್ನು ಬಡಿಯಿತು. ಚೆಂಡು ನನ್ನ ತಲೆಯ ಮೇಲಿಂದ ಹಾರಿ ಹಿಂದೆ ಬಿತ್ತು. ನಾನು ತಿರುಗಿ ನೋಡುವಷ್ಟರಲ್ಲಿ ಎದುರಿನವರು ಅದನ್ನು ಎತ್ತಿಕೊಂಡು ಓಡಿ ನಮ್ಮ ಬುಟ್ಟಿಗೆ ಹಾಕಿಯೂ ಆಗಿತ್ತು. ಆ ಕೈ ಸೆನೆಗಲ್ ದೇಶದ ಆವಾ ಎಂಬವಳದು. ಅವಳು ನನ್ನ ಬೆನ್ನು ತಟ್ಟಿ ನಕ್ಕಳು. ನನಗೆ ಆದದ್ದು ಅವಮಾನವಲ್ಲ, ಗಲಿಬಿಲಿ. ಕಾಲೇಜಿನ ಅಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಹೊರಟ ಚೆಂಡನ್ನು ಯಾರೂ ಹೀಗೆ ಹಿಂದಕ್ಕೆ ಕಳಿಸಿರಲಿಲ್ಲ. ಅಂಥದ್ದೊಂದು ಸಾಧ್ಯ ಎಂದೇ ನಾನು ಯೋಚಿಸಿರಲಿಲ್ಲ.

ನಾನು ಕಾರ್ಕಳದ ಕಡೆಯವಳು. ಅಪ್ಪ ಖಾಸಗಿ ಬಸ್ಸಿನ ಚಾಲಕ. ಮಂಗಳೂರಿನ ಒಂದು ಕಾಲೇಜಿಗೆ ಬಾಸ್ಕೆಟ್‌ಬಾಲ್ ಕಾರಣಕ್ಕೇ ಸೀಟು ಸಿಕ್ಕಿತ್ತು. ದೂರದಿಂದ ಎಸೆದು ಹಾಕುವುದು, ಅಂದರೆ ತ್ರೀ ಪಾಯಿಂಟರ್, ನನ್ನ ಕಸುಬು. ಅಂತರಕಾಲೇಜು ಪಂದ್ಯಗಳಲ್ಲಿ ನನ್ನ ಕೈಗೆ ಚೆಂಡು ಬಂದರೆ ಸಾಕು, ಗ್ಯಾಲರಿಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಪತ್ರಿಕೆಯ ಸ್ಥಳೀಯ ಪುಟದಲ್ಲಿ ಫೋಟೊ ಬರುತ್ತಿತ್ತು. ಹಾಗಾಗಿ ಅಂತಿಮ ವರ್ಷ ಮುಗಿಯುವ ಹೊತ್ತಿಗೆ ಮನೆಯಲ್ಲೂ ಕಾಲೇಜಿನಲ್ಲೂ ಒಂದೇ ಚರ್ಚೆ: ಇಲ್ಲಿ ಹಾಕಿದವಳು ಹೊರಗೆ ಹೋದರೂ ಹಾಕಿಯಾಳೇ? ಆಟವನ್ನೇ ನಂಬಿ ಬದುಕಬಹುದೇ?

ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರನ್ನು ಎಲ್ಲರೂ ಪಿ.ಡಿ. ಸರ್ ಎನ್ನುತ್ತಿದ್ದರು. ಅವರ ಅಭಿಪ್ರಾಯ ಸ್ಪಷ್ಟವಿತ್ತು.

"ನೋಡು ರಕ್ಷಿತಾ, ಸ್ಪೋರ್ಟ್ಸ್ ಕೋಟಾದಲ್ಲಿ ನಿಂಗೆ ಸರ್ಕಾರಿ ಕೆಲಸ ಸಿಗ್ಲಿಕ್ಕುಂಟು. ಆಟವೂ ಇರ್ತದೆ, ಕೆಲಸವೂ ಇರ್ತದೆ. ದುಬೈಯಲ್ಲಿ ನಿನ್ನ ಹೆಸರು ಯಾರಿಗೆ ಗೊತ್ತುಂಟು?"

ದುಬೈಯ ಮಾತು ಬಂದದ್ದು ಅಮ್ಮನ ತಂಗಿಯಿಂದ. ಚಿಕ್ಕಮ್ಮ, ಚಿಕ್ಕಪ್ಪ ಅಲ್ಲಿನ ಅಲ್ ಬರ್ಷಾ ಬಡಾವಣೆಯಲ್ಲಿ ಬಹಳ ವರ್ಷಗಳಿಂದ ಇದ್ದಾರೆ. ಒಂದು ಕ್ಲಬ್ಬಿನವರು ಹೆಂಗಸರ ತಂಡ ಕಟ್ಟುತ್ತಿದ್ದಾರೆ, ಯಾರು ಬೇಕಾದರೂ ಆಯ್ಕೆಗೆ ಬರಬಹುದು ಎಂದು ಮನೆ ಹತ್ತಿರದ ಮಾಲ್‌ನಲ್ಲಿ ನೋಟಿಸ್ ನೋಡಿ ಫೋನ್ ಮಾಡಿದ್ದರು. "ಬಾ ಮಗಾ, ಬಂದು ನೋಡು. ಆಗದಿದ್ರೆ ವಾಪಸ್ ಹೋದ್ರೆ ಆಯ್ತಲ್ಲ. ಇಲ್ಲಿ ನಮ್ಮ ಮನೆ ಉಂಟು" ಎಂದರು. ಮೂರನೆಯ ದಿನ ಅಪ್ಪ, "ಕೋಟಾದ ಕೆಲಸ ಮತ್ತೆ ಸಿಕ್ಕದಿದ್ರೆ ನನ್ನನ್ನು ಬೈಯಬಾರದು" ಎಂದು ಮಾತ್ರ ಹೇಳಿದರು. ನಾನು ವಿಸಿಟ್ ವೀಸಾದಲ್ಲಿ ಹೊರಟೆ.

ಚಿಕ್ಕಮ್ಮನ ಮನೆಯಲ್ಲಿ ಹಾಲ್‌ನ ಸೋಫಾ ನನ್ನ ಹಾಸಿಗೆಯಾಯಿತು. ಹೊರಗೆ ಮೆಟ್ರೊ, ಒಳಗೆ ತುಳು. ಚಿಕ್ಕಮ್ಮ ತುಳುವಿನಲ್ಲಿ ಕೇಳಿದ್ದಕ್ಕೆ ಮಗ ಆರ್ಯ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಮೊದಲ ದಿನವೇ ಅವನು, "ಅಕ್ಕಾ, ಕ್ಯಾನ್ ಯೂ ಡಂಕ್?" ಎಂದು ಕೇಳಿದ. ಹಾರಿ ಚೆಂಡನ್ನು ಕೈಯಾರೆ ಬುಟ್ಟಿಯೊಳಗೆ ತುರುಕಲು ಬರುತ್ತದೆಯೇ ಎಂದು. ಇಲ್ಲ ಎಂದೆ. ಪಾಪ, ಅವನ ಮುಖ ಸಣ್ಣದಾಯಿತು.

ಆಯ್ಕೆಯ ದಿನ ಆವಾ ನನ್ನ ಚೆಂಡನ್ನು ಬಡಿದ ಮೇಲೂ ನಾನು ಕೆಲವನ್ನು ಹಾಕಿದೆ. ನಮ್ಮ ಕೋಚ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದವರು, ನಾದಿಯಾ. ಅವರ ದೇಶದಲ್ಲಿ ಕೋಚನ್ನು ಕ್ಯಾಪ್ಟನ್ ಎಂದು ಕರೆಯುವುದು ರೂಢಿ, ಆದ್ದರಿಂದ ನಮಗೂ ಅವರು ಕ್ಯಾಪ್ಟನ್. ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಕೈ ಚೆನ್ನಾಗಿದೆ. ಆದರೆ ಇಲ್ಲಿಗೆ ಕೈ ಒಂದೇ ಬಂದಿದೆ. ಉಳಿದ ನೀನು ಇನ್ನೂ ನಿನ್ನ ಊರಲ್ಲೇ ನಿಂತಿದ್ದೀ. ಒಂದು ಸೀಸನ್ ಕೊಡುತ್ತೇನೆ. ಅಷ್ಟರಲ್ಲಿ ಬಂದರೆ ಬಂದೆ. ಇಲ್ಲವಾದರೆ ಖಲಾಸ್."

ಖಲಾಸ್ ಎಂದರೆ ಮುಗಿಯಿತು ಎಂದರ್ಥ. ಇಲ್ಲಿ ಊಟ ಸಾಕು ಎನ್ನುವುದಕ್ಕೂ, ಅಂಗಡಿ ಬಾಗಿಲು ಹಾಕುವುದಕ್ಕೂ, ಕೆಲಸ ಹೋಗುವುದಕ್ಕೂ ಅದೇ ಪದ. ನನ್ನ ವೀಸಾ ಆ ಒಂದು ಸೀಸನ್ನಿಗೆ ತೂಗುಬಿದ್ದಿತ್ತು.

ಅಭ್ಯಾಸದ ಅಂಕಣ ದೇರಾ ಕಡೆ ಇದ್ದುದರಿಂದ ಅಲ್ ಮುರಕ್ಕಬಾತ್‌ನಲ್ಲಿ ಒಂದು ಕೋಣೆಯನ್ನು ಮಾರಿಸೆಲ್ ಜೊತೆ ಹಂಚಿಕೊಂಡೆ. ಅವಳು ಫಿಲಿಪ್ಪೀನ್ಸ್‌ನವಳು, ಬೆಳಿಗ್ಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ, ಸಂಜೆ ನಮ್ಮ ತಂಡದಲ್ಲಿ ಆಟ. ತಂಡದಲ್ಲಿ ಹೆಚ್ಚಿನವರು ಹೀಗೆಯೇ. ಪೂರ್ತಿ ಆಟವನ್ನೇ ನಂಬಿ ಬಂದವರು ಆವಾ ಮತ್ತು ನಾನು. ನಮ್ಮ ಬೀದಿ ಎಂದರೆ ಬೀದಿ. ಫಿಲಿಪ್ಪೀನೊ ಬೇಕರಿ, ಸಿರಿಯಾದವರ ಸಿಹಿ ಅಂಗಡಿ, ಮಲಯಾಳಿಗಳ ಚಹಾದಂಗಡಿ, ಎಲ್ಲ ಒಂದಕ್ಕೊಂದು ಒತ್ತಿಕೊಂಡು. ಊರಿನಲ್ಲಿ ಬೀದಿ ಎಂದರೆ ಗುರುತಿನವರು. ಇಲ್ಲಿ ಇಷ್ಟು ಜನರ ನಡುವೆ, ನೀನು ಯಾರ ಮಗಳು ಎಂದು ಕೇಳುವವರೇ ಇಲ್ಲ. ಮೊದಲ ವಾರ ಅದು ಹಗುರ ಎನಿಸಿತು. ಆಮೇಲೆ ಭಾರವಾಯಿತು.

ಒಂದು ಶುಕ್ರವಾರ ಮಾರಿಸೆಲ್ ಅಡಿಗೆಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದು ಏನನ್ನೋ ಕದ್ದುಮುಚ್ಚಿ ಹುರಿಯುತ್ತಿದ್ದಳು. ವಾಸನೆ ಬಂದ ಕೂಡಲೇ ಎದ್ದು ಹೋದೆ. "ಸಾರಿ, ಸಾರಿ, ಇದು ತುಯೊ. ನಿಮ್ಮವರಿಗೆ ಈ ವಾಸನೆ ಆಗುವುದಿಲ್ಲ, ಗೊತ್ತು" ಎಂದಳು. ತುಯೊ ಎಂದರೆ ಒಣಮೀನು. ನಾನು ಪಾತ್ರೆಯ ಹತ್ತಿರ ಮೂಗು ತಂದೆ. ಮಳೆಗಾಲಕ್ಕೆಂದು ಅಮ್ಮ ಡಬ್ಬಿಯಲ್ಲಿ ತುಂಬಿಡುವ ಒಣ ನಂಗು ಮೀನಿನ ವಾಸನೆಯೇ ಅದು. ಇಬ್ಬರೂ ನೆಲದಲ್ಲಿ ಕೂತು ಬಿಸಿ ಅನ್ನಕ್ಕೆ ಅದನ್ನು ನೆಂಚಿಕೊಂಡು ಉಂಡೆವು. ಅಷ್ಟರಲ್ಲಿ ನಾತೂರ್, ಅಂದರೆ ಕಟ್ಟಡದ ಕಾವಲುಗಾರ, ಬಾಗಿಲು ತಟ್ಟಿದ. ಅವನು ಪೇಶಾವರದ ಕಡೆಯವನು. "ಮೇಡಂ, ಮಾಫಿ ಮಚ್ಲಿ. ಮೇಲಿನವರು ಕಂಪ್ಲೇಂಟ್ ಮಾಡ್ತಿದ್ದಾರೆ." ಮಾಫಿ ಎಂದರೆ ಇಲ್ಲ, ಕೂಡದು. ಮೀನು ಖಲಾಸ್ ಆಗಿದೆ ಎಂದು ತಟ್ಟೆ ತೋರಿಸಿದೆ. ಅರಬ್ಬಿಯಲ್ಲಿ ನಾನು ಹೇಳಿದ ಮೊದಲ ಸರಿಯಾದ ವಾಕ್ಯ ಅದು. ಅವನಿಗೂ ನಗು ಬಂತು.

ಆದರೆ ಅಂಕಣದಲ್ಲಿ ಅಂಥ ಗೆಲುವು ಸಿಗಲಿಲ್ಲ. ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ಮಧ್ಯಾಹ್ನದ ಮೇಲೆ ಕಡಲ ಕಡೆಯ ಗಾಳಿ ಬೀಸುತ್ತಿತ್ತು. ಅದಕ್ಕೆ ತಕ್ಕಂತೆ ಕೈ ತಿರುಗಿಸುವುದು ನನಗೆ ರೂಢಿ. ತಪ್ಪಿದರೆ ಗಾಳಿಯ ಮೇಲೆ ಹಾಕಬಹುದಿತ್ತು. ಇಲ್ಲಿ ಎ.ಸಿ. ಹಾಲ್, ಮರದ ನೆಲ. ಗಾಳಿಯಿಲ್ಲ, ನೆಪವೂ ಇಲ್ಲ. ಒಬ್ಬಳೇ ಎಸೆದರೆ ಎಲ್ಲವೂ ಬೀಳುತ್ತಿತ್ತು. ಪಂದ್ಯದಲ್ಲಿ ಎಸೆಯಲು ಸಮಯವೇ ಸಿಗುತ್ತಿರಲಿಲ್ಲ. ಚೆಂಡು ಕೈಗೆ ಬರುವ ಮೊದಲೇ ಯಾರೋ ಮೈಗೆ ಅಂಟಿಕೊಂಡಿರುತ್ತಿದ್ದರು. ಸೀಸನ್ನಿನ ಅರ್ಧ ನಾನು ಬೆಂಚಿನಲ್ಲೇ ಕಳೆದೆ. ಅಮ್ಮ ಫೋನಿನಲ್ಲಿ "ಆಡಿದ್ದಾ ಇವತ್ತು?" ಎಂದರೆ, "ತಂಡ ಗೆದ್ದಿತು ಅಮ್ಮ" ಎನ್ನುತ್ತಿದ್ದೆ. ಪಿ.ಡಿ. ಸರ್ ಸರಿಯಾಗಿಯೇ ಹೇಳಿದ್ದರು ಎನಿಸುತ್ತಿತ್ತು. ಕೋಟಾದ ಕೆಲಸಕ್ಕೆ ನನ್ನ ಜಾಗದಲ್ಲಿ ಬೇರೊಬ್ಬಳು ಸೇರಿ ಆಗಿತ್ತು.

ಒಂದು ಸಂಜೆ ಕ್ಯಾಪ್ಟನ್ ನನ್ನ ಕಾಲೇಜಿನ ಪಂದ್ಯದ ವಿಡಿಯೊ ಇದೆಯೇ ಎಂದು ಕೇಳಿದರು. ಹೆಮ್ಮೆಯಿಂದಲೇ ಫೋನ್ ತೆಗೆದು ಅಂತರಕಾಲೇಜು ಫೈನಲಿನ ವಿಡಿಯೊ ಹಾಕಿದೆ. ನಾನು ಒಂದರ ಮೇಲೊಂದು ಹಾಕುತ್ತಿದ್ದೇನೆ, ಹುಡುಗಿಯರು ಕಿರುಚುತ್ತಿದ್ದಾರೆ. ಕ್ಯಾಪ್ಟನ್ ಕೊನೆಯವರೆಗೆ ನೋಡಿದರು. ಮತ್ತೆ ಮೊದಲಿನಿಂದ ಹಾಕಿ, "ಈಗ ನಿನ್ನನ್ನು ನೋಡಬೇಡ. ಈ ಹುಡುಗಿಯನ್ನು ನೋಡು" ಎಂದು ಬೆರಳಿಟ್ಟರು.

ಅದು ಪವಿತ್ರಾ. ನನ್ನ ಹಾಸ್ಟೆಲಿನ ಗೆಳತಿ, ತಂಡದಲ್ಲಿ ಯಾರ ಕಣ್ಣಿಗೂ ಬೀಳದವಳು. ನಾನು ಓಡುವ ದಾರಿಯಲ್ಲಿ ಪ್ರತಿ ಸಲ ಅವಳು ಒಂದು ಹೆಜ್ಜೆ ಮೊದಲೇ ಹೋಗಿ ಕಂಬದಂತೆ ನಿಲ್ಲುತ್ತಾಳೆ. ನನ್ನ ಬೆನ್ನು ಹತ್ತಿದವಳು ಬಂದು ಅವಳಿಗೆ ಡಿಕ್ಕಿ ಹೊಡೆಯುತ್ತಾಳೆ. ನನಗೆ ಬೇಕಾದಷ್ಟು ಸಮಯ ಸಿಗುತ್ತದೆ, ನಾನು ಎಸೆಯುತ್ತೇನೆ. ಎಲ್ಲರೂ ಚೆಂಡನ್ನು ನೋಡುತ್ತಾರೆ. ಆಚೆ ಪವಿತ್ರಾ ನೆಲದಿಂದ ಎದ್ದು ಮೊಣಕೈ ಉಜ್ಜಿಕೊಳ್ಳುತ್ತಾಳೆ. ಇದಕ್ಕೆ ಆಟದಲ್ಲಿ ಸ್ಕ್ರೀನ್ ಎನ್ನುತ್ತಾರೆ. ಸ್ಕ್ರೀನ್ ಎಂದರೇನೆಂದು ನನಗೆ ಗೊತ್ತಿತ್ತು. ನನ್ನ ಹೆಸರಿನ ಅಡಿಯಲ್ಲಿ ಅದು ಅಷ್ಟಿದೆ ಎಂದು ಗೊತ್ತಿರಲಿಲ್ಲ.

"ಇವಳನ್ನು ನೀನು ಜೊತೆಗೆ ಕರೆತಂದಿಲ್ಲ. ಹಾಗಾಗಿ ಜಾಗ ನೀನೇ ಮಾಡಿಕೊಳ್ಳಬೇಕು. ಓಡಬೇಕು. ಚೆಂಡು ನಿನ್ನ ಕೈಯಲ್ಲಿಲ್ಲದ ಹೊತ್ತೇ ಹೆಚ್ಚು, ಆಗ ಏನು ಮಾಡುತ್ತೀ ಎಂಬುದೇ ಆಟ" ಎಂದರು ಕ್ಯಾಪ್ಟನ್.

ಆವತ್ತೇ ಪವಿತ್ರಾಗೆ ಫೋನ್ ಮಾಡಿದೆ. ಅವಳು ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಆಟದ ಟೀಚರ್.

"ನೀನು ಪ್ರತಿ ಸಲ ಬಿದ್ದದ್ದು ನನಗೋಸ್ಕರವಾ?"

"ಮತ್ತೆ ಎಂಥ, ಹವ್ಯಾಸಕ್ಕಾ?" ಎಂದು ನಕ್ಕಳು. "ನಿಂಗೆ ಗೊತ್ತಿರ್ಲಿಲ್ವಾ ಮಾರಾಯ್ತಿ? ಅಷ್ಟು ಜೋರಾಗಿ ಬೀಳ್ತಿದ್ದೆ ನಾನು."

"ನೋವಾಗ್ತಿರ್ಲಿಲ್ವಾ?"

"ಆಗ್ತಿತ್ತು. ಆದ್ರೆ ನಿಂದು ಬಿತ್ತು ಅಂತ ಬೊಬ್ಬೆ ಕೇಳಿದ್ರೆ ಖುಷಿ ಆಗ್ತಿತ್ತು. ಅದು ನಂದೂ ಅಲ್ವಾ?"

ಅಲ್ಲಿಂದಾಚೆಗೆ ನಾನು ಎಸೆಯುವುದಕ್ಕಿಂತ ಓಡುವುದನ್ನು ಹೆಚ್ಚು ಕಲಿತೆ. ಮೂಲೆಯಿಂದ ಮೂಲೆಗೆ, ನಿಂತಂತೆ ಮಾಡಿ ಮತ್ತೆ ಓಡಿ, ಬೆನ್ನು ಹತ್ತಿದವಳ ಉಸಿರು ಕೇಳುವವರೆಗೆ. ಆವಾಗೆ ಸ್ಕ್ರೀನ್ ನಿಲ್ಲಲು ಕಲಿತೆ. ಮೊದಲ ವಾರವೇ ಪಕ್ಕೆ ನೀಲಿಗಟ್ಟಿತು. ಮಾರಿಸೆಲ್ ಕ್ಲಿನಿಕ್ಕಿನಿಂದ ಐಸ್ ತಂದುಕೊಟ್ಟಳು. ನಿಧಾನವಾಗಿ ಬೆಂಚಿನಿಂದ ಏಳತೊಡಗಿದೆ. ಮೊದಮೊದಲು ಕೆಲವು ನಿಮಿಷ, ಆಮೇಲೆ ಇನ್ನೂ ಸ್ವಲ್ಪ.

ಸೀಸನ್ನಿನ ಕೊನೆಯ ಪಂದ್ಯ ಅಬುಧಾಬಿಯಲ್ಲಿ. ಮುಂದಿನ ವರ್ಷಕ್ಕೆ ಯಾರನ್ನು ಇಟ್ಟುಕೊಳ್ಳುವುದು ಎಂದು ಅದು ಮುಗಿದ ಮೇಲೆ ತೀರ್ಮಾನ. ಹತ್ತಿರದ ಮುಸಫ್ಫಾದಲ್ಲಿ ಆಫೀಸ್ ಕೆಲಸವಿದ್ದುದರಿಂದ ಚಿಕ್ಕಪ್ಪ ಅದನ್ನು ಮುಗಿಸಿ ಅಲ್ಲಿಂದ ನೇರ ಬಂದು ಕೂತಿದ್ದರು. ಕೊನೆಯ ಕ್ಷಣಗಳಲ್ಲಿ ನಾವು ಒಂದು ಅಂಕ ಹಿಂದೆ. ಕ್ಯಾಪ್ಟನ್ ನನ್ನನ್ನು ಒಳಗೆ ಕಳಿಸಿದರು. ಎದುರಿನವರಿಗೆ ಗೊತ್ತು, ಇವಳು ಬಂದದ್ದು ಎಸೆಯಲಿಕ್ಕೆ ಎಂದು. ಗ್ಯಾಲರಿಯಿಂದ ಚಿಕ್ಕಪ್ಪನ ಸ್ವರ ತುಳುವಿನಲ್ಲಿ ಕೇಳಿಸಿತು, "ಪಾಡ್ ಮಗಾ, ಪಾಡ್." ಹಾಕು ಎಂದರ್ಥ. ನಾನು ಬುಟ್ಟಿಯ ಅಡಿಯಿಂದ ಮೂಲೆಯ ಕಡೆಗೆ ಕೈ ಚಾಚಿಕೊಂಡು ಜೀವ ಬಿಟ್ಟು ಓಡಿದೆ. ಒಬ್ಬಳ ಬದಲು ಇಬ್ಬರು ನನ್ನ ಹಿಂದೆ ಬಂದರು. ನಡುವೆ ಬಾಗಿಲು ತೆರೆದಂತೆ ಜಾಗವಾಯಿತು. ಮಾರಿಸೆಲ್ ಚೆಂಡನ್ನು ಆವಾಗೆ ಕೊಟ್ಟಳು, ಆವಾ ಮೆಲ್ಲನೆ ಬುಟ್ಟಿಗೆ ಇಟ್ಟಳು. ಗೆದ್ದೆವು. ನಾನು ಚೆಂಡನ್ನು ಮುಟ್ಟಿರಲೇ ಇಲ್ಲ. ಆದರೂ ಮಾರಿಸೆಲ್ ಮೊದಲು ಓಡಿಬಂದು ತಬ್ಬಿಕೊಂಡದ್ದು ನನ್ನನ್ನು.

ಕಾರಿನಲ್ಲಿ ಚಿಕ್ಕಪ್ಪ ಸಮಾಧಾನ ಮಾಡಿದರು. "ಹೋಗ್ಲಿ ಬಿಡು. ನಿಂಗೆ ಚೆಂಡೇ ಕೊಡ್ಲಿಲ್ಲವಲ್ಲ ಅವ್ರು." ನನಗೆ ಅಳುವಷ್ಟು ಸಂತೋಷವಾಗಿತ್ತು. ಅದನ್ನು ಅವರಿಗೆ ಹೇಗೆ ವಿವರಿಸುವುದೆಂದು ತಿಳಿಯಲಿಲ್ಲ.

ಕ್ಲಬ್ಬಿನವರು ನನ್ನನ್ನು ಉಳಿಸಿಕೊಂಡರು. ತಂಡದಲ್ಲಿ ಜಾಗ, ಜೊತೆಗೆ ವಾರದಲ್ಲಿ ಕೆಲವು ಸಂಜೆ ಶಾಲೆಯ ಹುಡುಗಿಯರಿಗೆ ತರಬೇತಿ. ಊರಿನವರು ಅಂದುಕೊಂಡ ತಾರೆ ನಾನಾಗಲಿಲ್ಲ. ಪಂದ್ಯದ ಅರ್ಧ ಹೊತ್ತು ಹೊರಗೇ ಇರುತ್ತೇನೆ. ಆದರೆ ವೀಸಾದಲ್ಲಿ ನನ್ನ ಉದ್ಯೋಗ ಆಟಗಾರ್ತಿ ಎಂದಿದೆ. ಕಾಲೇಜಿನ ಗುರಿಗಾರ್ತಿ ಹೊರಗೆ ಬದುಕುತ್ತಾಳೆಯೇ ಎಂದು ಯಾರಾದರೂ ಕೇಳಿದರೆ, ಬದುಕುತ್ತಾಳೆ, ಆದರೆ ಅದೇ ಹುಡುಗಿಯಾಗಿ ಅಲ್ಲ ಎನ್ನುತ್ತೇನೆ.

ರಜೆಯಲ್ಲಿ ಊರಿಗೆ ಹೋದಾಗ ಪಿ.ಡಿ. ಸರ್ ಹಳೆಯ ವಿದ್ಯಾರ್ಥಿನಿಯರ ಪಂದ್ಯ ಇಟ್ಟಿದ್ದರು. ಅಪ್ಪ ಡ್ಯೂಟಿ ಬದಲಿಸಿಕೊಂಡು ಬಂದಿದ್ದರು. ದುಬೈಯ ಆಟಗಾರ್ತಿ ಎಂದು ಮೈಕಿನಲ್ಲಿ ನನ್ನ ಹೆಸರು ಕೂಗಿದ್ದಾಯಿತು. ಆಟ ಶುರುವಾಗಿ ಸ್ವಲ್ಪ ಹೊತ್ತಿನಲ್ಲಿ ನಮ್ಮ ಕಿರಿಯಳೊಬ್ಬಳು ಚೆಂಡು ಹಿಡಿದಳು. ಅವಳಿಗೆ ದಾರಿ ಮಾಡಲು ನಾನು ಓಡಿದೆ. ಅದೇ ಜಾಗಕ್ಕೆ ಆಚೆಯಿಂದ ನಮ್ಮ ತಂಡದಲ್ಲೇ ಇದ್ದ ಪವಿತ್ರಾ ಓಡಿಬಂದಳು. ಇಬ್ಬರೂ ಢೀ ಎಂದು ಡಿಕ್ಕಿ ಹೊಡೆದು ಬಿದ್ದೆವು. ಬಿದ್ದಲ್ಲೇ ಪವಿತ್ರಾ, "ಎಂಥ ಮಾಡ್ತಿ ನೀನು? ಇದು ನನ್ನ ಜಾಗ" ಎಂದಳು. ಗ್ಯಾಲರಿ ನಕ್ಕಿತು. ಪಿ.ಡಿ. ಸರ್ ಸೈಡಿನಿಂದ, "ರಕ್ಷಿತಾ, ಅಲ್ಲಿ ಹೋಗಿ ಹಾಕುವುದೇ ಮರ್ತು ಬಂದದ್ದಾ?" ಎಂದು ಕೇಳಿದರು. ಅಪ್ಪ ಯಾರ ಮುಖವನ್ನೂ ನೋಡದೆ ಕೂತಿದ್ದರು.

ಮುಂದಿನ ಅರ್ಧದಲ್ಲಿ ಪವಿತ್ರಾ ಕಂಬದಂತೆ ನಿಂತಳು, ನಾನು ಅವಳ ಹಿಂದಿನಿಂದ ಎಸೆದೆ. ಗಾಳಿ ಬೀಸುತ್ತಿತ್ತು, ಕೈ ಅದನ್ನು ಮರೆತಿರಲಿಲ್ಲ. ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಜನ ಎದ್ದು ನಿಂತರು. ಅಪ್ಪನೂ ನಿಂತರು. ಇಷ್ಟು ಸುಲಭ, ಇಷ್ಟು ಪ್ರೀತಿ. ಪ್ರತಿ ಸಲ ತಿರುಗಿ ಪವಿತ್ರಾಳ ಕೈ ಹಿಡಿದು ಎಬ್ಬಿಸಿದೆ. ಅದೊಂದೇ ಹೊಸದು.

ದುಬೈಗೆ ಮರಳಿದ ಮೊದಲ ಅಭ್ಯಾಸದಲ್ಲಿ ಚೆಂಡು ಸಿಕ್ಕಾಗಲೆಲ್ಲ ಎಸೆಯುತ್ತಲೇ ಇದ್ದೆ. ಆವಾ ಮತ್ತೆ ಒಂದನ್ನು ಬಡಿದು ಹಿಂದಕ್ಕೆ ಕಳಿಸಿದಳು. ಕ್ಯಾಪ್ಟನ್ ಸೀಟಿ ಊದಿದರು.

"ಊರಿಗೆ ಹೋಗಿ ಕೆಟ್ಟು ಬಂದಿದ್ದೀ. ಓಡುವುದನ್ನೇ ಮರೆತಿದ್ದೀ."

ನನಗೆ ನಗು ತಡೆಯಲಾಗಲಿಲ್ಲ. ಏಕೆಂದು ಅವರು ಕೇಳಿದರು. ಅಲ್ಲಿಯವರಿಗೆ ಇಲ್ಲಿಯದನ್ನೂ ಇಲ್ಲಿಯವರಿಗೆ ಅಲ್ಲಿಯದನ್ನೂ ಹೇಳುವುದು ನನಗಿನ್ನೂ ಬಂದಿಲ್ಲ.

"ಯಲ್ಲಾ, ನಡಿ," ಎಂದರು ಕ್ಯಾಪ್ಟನ್, "ನಕ್ಕದ್ದು ಸಾಕು, ಓಡು."

ಓಡಿದೆ.