ಪಪ್ಪಾಯಿ ಕಾಯಿ, ಸಪ್ಪೆ ಚಹಾ

ಅವರ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಚಿಕ್ಕಂದಿನಲ್ಲಿ ಮನೆಯ ಟಗರು ಗುದ್ದಿತ್ತಂತೆ. ಆ ಸಂದಿಯಿಂದ ಅವರು ಹೊಡೆಯುತ್ತಿದ್ದ ಸೀಟಿ ಎಷ್ಟು ಚೂಪಾಗಿತ್ತೆಂದರೆ, ಸರ್ಕಾರ ಕೊಟ್ಟ ಸೀಟಿ ಜೇಬಿನಿಂದ ಆಚೆ ಬಂದದ್ದನ್ನು ನಾನಂತೂ ನೋಡಲಿಲ್ಲ. ಹಡಗಲಿಯಿಂದ ಹೊಳಲು ದಾಟಿ ಮೈಲಾರಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಅವರು. ನಾನು ಅದೇ ದಾರಿಯಲ್ಲಿ, ಮೈಲಾರಕ್ಕಿಂತ ಸ್ವಲ್ಪ ಈಚೆಗಿನ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬಸ್ಸಿನವರಿಗೆಲ್ಲ ಅವರು ಕಂಡಕ್ಟರಣ್ಣ.

ಬಾಯಿ ಸುಮ್ಮನಿರುವ ಜೀವವಲ್ಲ. ಮಲ್ಲಿಗೆ ಬುಟ್ಟಿಯನ್ನು ಸೀಟಿನ ಮೇಲೆ ಕೂರಿಸಿ ತಾನು ಪಕ್ಕದಲ್ಲಿ ಕೂತ ಹೂವಿನವಳನ್ನು "ಬುಟ್ಟಿಗೂ ಆಧಾರ್ ಕಾರ್ಡ್ ಐತೇನವ್ವ?" ಎಂದು ಕೇಳುವರು. ಆಕೆ ನಗುತ್ತ ಒಂದು ಮೊಗ್ಗು ಅವರ ಜೇಬಿಗೆ ಹಾಕಿದರೆ ಆ ವ್ಯವಹಾರ ಮುಗಿಯಿತು.

ನನಗೆ ಕರುಳಿನ ಕಾಯಿಲೆ ಶುರುವಾದದ್ದು ಇದೇ ಬಸ್ಸಿನ ದಿನಗಳಲ್ಲಿ. ಎರಡು ತುತ್ತು ಉಂಡರೆ ಹೊಟ್ಟೆ ಹಿಂಡುವುದು, ತಡೆಯಲಾಗದ ಅವಸರ, ಜೊತೆಗೆ ರಕ್ತ. ಮನೆಯಲ್ಲಿ ಒಬ್ಬರು ಉಷ್ಣ ಎಂದರು, ಇನ್ನೊಬ್ಬರು ಮೂಲವ್ಯಾಧಿ ಎಂದರು. ನೋವನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಬಸ್ಸಿನದೇ ಭಯ. ಒಂದು ಗಂಟೆಯ ದಾರಿ, ನಡುವೆ ಹೆಂಗಸರು ಹೋಗಬಹುದಾದ ಜಾಗವಿಲ್ಲ. ಹೀಗೇ ಆದರೆ ಕೆಲಸ ಬಿಡುವುದೇ ಗತಿ ಎಂದು ಲೆಕ್ಕ ಹಾಕಿದ್ದೆ. ಪಾಠ ಮಾಡುವುದನ್ನು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ಹೊಳಲು ಇನ್ನೂ ದೂರವಿರುವಾಗಲೇ ಮುಂದಿನ ಸೀಟಿನ ಕಂಬಿ ಹಿಡಿದು ಬೆವರುತ್ತಿದ್ದೆ. ಕಂಡಕ್ಟರಣ್ಣ ನನ್ನ ಮುಖ ನೋಡಿದರು. ಸೀಟಿ ಹೊಡೆದು ಬಸ್ಸು ನಿಲ್ಲಿಸಿ, ಹಿಂದಿನ ಸೀಟಿನವರೆಗೂ ಕೇಳುವಂತೆ ಹೇಳಿದರು: "ಡ್ರೈವರ್ ಸಾಹೇಬ್ರ, ನನಗ ಸಕ್ಕರಿ ಕಾಯಿಲಿ ಐತಿ, ತಡಕೊಳ್ಳಾಕ ಆಗವಲ್ದು. ಒಂದೈದು ನಿಮಿಷ ನಿಲ್ಲಸ್ರಿ."

ಆಮೇಲೆ ನನ್ನ ಕಡೆ ಬಗ್ಗಿ, ದನಿ ಇಳಿಸಿ, "ಎದುರಿಗೆ ಕಾಣ್ತೈತಲ್ರಿ, ಅದು ನನ್ನ ತಂಗಿ ಮನಿ. ಪಾಯಖಾನಿ ಬಾಗಲದ ಬಾಜೂಕ ಐತಿ. ನೀರು ಕುಡದು ಬರ್ತೀನಿ ಅಂತ ಹೋಗ್ರಿ ಟೀಚರಮ್ಮ" ಎಂದರು.

ಅಂದಿನಿಂದ ಅದು ರೂಢಿಯಾಯಿತು. ತಂಗಿಯ ಮನೆ ಹತ್ತಿರ ಬರುವಾಗ ನಾನು ಕೈ ಎತ್ತಿದರೆ ಸಾಕು, ಅವರಿಗೆ ಸಕ್ಕರೆ ಕಾಯಿಲೆ ಬರುತ್ತಿತ್ತು. ಜಾಲಿ ಗಿಡಗಳ ಮರೆಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುವರು. ನಾನು ಬಸ್ಸು ಹತ್ತುವವರೆಗೆ ಅವರ ಕೆಲಸ ಮುಗಿಯುತ್ತಲೇ ಇರಲಿಲ್ಲ. ಬೈಗುಳವೆಲ್ಲ ಅವರಿಗೆ, ನೆಮ್ಮದಿಯೆಲ್ಲ ನನಗೆ.

ಸುಳ್ಳಿಗೆ ಅವರು ತೆತ್ತದ್ದು ಕಡಿಮೆಯಲ್ಲ. ಲೋಟದ ತಳದಲ್ಲಿ ಸಕ್ಕರೆ ಉಳಿಯುವಂಥ ಚಹಾ ಕುಡಿಯುತ್ತಿದ್ದ ಮನುಷ್ಯನಿಗೆ ಮೈಲಾರದ ಚಹಾದಂಗಡಿಯ ಅವ್ವ ಸಪ್ಪೆ ಚಹಾ ಕೊಡತೊಡಗಿದಳು. ಯಾರೋ ಮೆಂತ್ಯದ ಪುಡಿ ತಂದರು, ಯಾರೋ ಹಾಗಲಕಾಯಿ. ಮದುವೆಯೊಂದರಲ್ಲಿ ಹೋಳಿಗೆ ತಟ್ಟೆ ಅವರ ಎಲೆಯನ್ನು ದಾಟಿ ಮುಂದೆ ಹೋಯಿತಂತೆ. ಅದನ್ನು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಿಜವಾದ ಸಂಕಟ ಕಂಡಿತು.

ನನ್ನ ಹೊಟ್ಟೆಗೂ ಅವರ ಹತ್ತಿರ ಔಷಧವಿತ್ತು. ಕುರಿ ಸಾಕುವ ಮನೆತನ ಅವರದು. ಮುದಿ ಕುರಿಯ ಮಾಂಸ ಬೇಯದಿದ್ದರೆ ಗಡಿಗೆಗೆ ಒಂದು ಹೋಳು ಪಪ್ಪಾಯಿ ಕಾಯಿ ಹಾಕುತ್ತಾರೆ, ಮಾಂಸ ಬೆಣ್ಣೆಯಾಗುತ್ತದೆ. ಅಂಥ ಮಾಂಸವನ್ನೇ ಕರಗಿಸುವ ಕಾಯಿ ನಿಮ್ಮ ಅನ್ನವನ್ನು ಕರಗಿಸದೇ ಎಂದು ಅವರ ವಾದ. ತಂಗಿಯ ಹಿತ್ತಲಿನ ಕಾಯಿಯನ್ನು ಪೇಪರಿನಲ್ಲಿ ಸುತ್ತಿ ನನ್ನ ಮಡಿಲಿಗೆ ಇಟ್ಟರು. ಕಪ್ಪು ಹಲಗೆಯ ಮೇಲೆ ಜಠರ, ಮೇದೋಜೀರಕ ಗ್ರಂಥಿ ಬರೆದು ಕಿಣ್ವಗಳ ಪಾಠ ಮಾಡುವವಳು ನಾನು. ಪಪ್ಪಾಯಿಯಲ್ಲಿ ಅಂಥ ಕಿಣ್ವವಿದೆ ಎಂಬುದು ಗೊತ್ತಿದ್ದುದರಿಂದ ಅವರ ಮಾತು ನನಗೂ ಸರಿಯೆನಿಸಿತು. ಸಾಲದ್ದಕ್ಕೆ ಮೆಡಿಕಲ್ ಶಾಪಿನಿಂದ ಜೀರ್ಣದ ಸಿರಪ್ಪೂ ತಂದೆ. ಹೊಟ್ಟೆಯುಬ್ಬರ ಇಳಿಯಿತು. ಗುಣವಾಗುತ್ತಿದೆ ಎಂದುಕೊಂಡು ದಾವಣಗೆರೆಯ ದೊಡ್ಡ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಿದೆ. ರಕ್ತ ಮಾತ್ರ ನಿಲ್ಲಲಿಲ್ಲ. ಅದನ್ನು ಒಂದು ದಿನ ಅವರ ತಂಗಿಗೆ ಮಾತ್ರ ಹೇಳಿದೆ.

ಮರುದಿನ ಕಂಡಕ್ಟರಣ್ಣ ಟಿಕೆಟ್ ಮಷಿನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಪಕ್ಕ ನಿಂತರು. "ತಂಗಿ ಹೇಳಿದ್ಲು, ನೆತ್ತರ ನಿಂತಿಲ್ಲಂತ. ಹಂಗಾರ ನನ್ನ ಪಪ್ಪಾಯಿ ಸುಳ್ಳಾತ್ರಿ. ನಾಳೆ ಈ ಬಸ್ಸಿನ್ಯಾಗ ನಿಮ್ಮನ್ನ ಹತ್ತಸಂಗಿಲ್ಲ. ದಾವಣಗೆರಿ ಬಸ್ ಹತ್ರಿ."

ಹತ್ತಿದೆ. ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು ಇದು ಉರಿಯೂತ, ಮೈಯ ಕಾವಲು ವ್ಯವಸ್ಥೆಯೇ ಕರುಳಿನ ಒಳಗೋಡೆಯ ಮೇಲೆ ತಿರುಗಿಬಿದ್ದಿದೆ ಎಂದರು. ಕಿಣ್ವಗಳ ಬಗ್ಗೆ ಕೇಳಿದೆ. ಈ ಕಾಯಿಲೆಯವರಲ್ಲಿ ಕೆಲವರಿಗೆ ಅವು ಕಡಿಮೆ ಇರುವುದುಂಟು, ಅಂಥವರಿಗೆ ಕೊಡುತ್ತೇವೆ, ನಿಮಗೆ ಕೊರತೆಯಿಲ್ಲ; ಸಿರಪ್ಪು ಉಬ್ಬರ ಇಳಿಸಬಹುದು, ಹುಣ್ಣು ಮಾಯಿಸುವುದಿಲ್ಲ ಎಂದು ಬಿಡಿಸಿ ಹೇಳಿದರು. ಹೆಸರು ಸಿಕ್ಕ ಕಾಯಿಲೆಗೆ ಮಾತ್ರೆಯೂ ಇದೆ ಎಂದು ತಿಳಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ಖುಷಿಗೇ.

ಇದನ್ನು ಕಂಡಕ್ಟರಣ್ಣನಿಗೆ ಅವರ ಅಡುಗೆಯ ಮಾತಿನಲ್ಲೇ ಹೇಳಿದೆ: ಒಳಗೆ ಮಾಂಸ ಚೆನ್ನಾಗಿಯೇ ಬೇಯುತ್ತಿದೆ ಅಣ್ಣ, ಗಡಿಗೆಗೇ ಹುಣ್ಣಾಗಿದೆ. ಆಮೇಲೆ ದಿನಾ ಬೆಳಿಗ್ಗೆ ಅವರದು ಒಂದೇ ಪ್ರಶ್ನೆ: "ಗಡಿಗಿ ಹೆಂಗೈತ್ರಿ?" ನಾನು ಗಡಿಗೆ ವ್ಯಾಪಾರ ಶುರು ಮಾಡಿದ್ದೇನೆಂದು ಹೂವಿನವರು ತಿಳಿದಿದ್ದರು.

ಮಾತ್ರೆಗಳು ನಿಧಾನಕ್ಕೆ ಹಿಡಿದವು. ಕೈ ಎತ್ತುವ ದಿನಗಳು ಕಡಿಮೆಯಾದವು. ಒಮ್ಮೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತವಳು ತಲೆ ಎತ್ತಿದರೆ, ಹೊಳಲು ಹಿಂದೆ ಉಳಿದಿತ್ತು. ತಂಗಿಯ ಮನೆ ದಾಟಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಕಂಡಕ್ಟರಣ್ಣ ಕಾರಣವಿಲ್ಲದೆ ಒಂದು ಉದ್ದನೆಯ ಸೀಟಿ ಹೊಡೆದರು. ಡ್ರೈವರ್ ಬಸ್ಸು ನಿಲ್ಲಿಸಿ ಬೈದ.

ಅವರು ನಿವೃತ್ತರಾದ ದಿನ ನನ್ನ ಹಳ್ಳಿಯಲ್ಲಿ ಇಳಿಯದೆ ಮೈಲಾರದವರೆಗೂ ಹೋದೆ. ಚಹಾದಂಗಡಿಯ ಮುಂದೆ ಡ್ರೈವರ್, ಹೂವಿನವರು, ದಿನದ ಪ್ರಯಾಣಿಕರು ಎಲ್ಲ ಸೇರಿದ್ದರು. ಅವ್ವ ಎಂದಿನಂತೆ ಅವರ ಮುಂದೆ ಸಪ್ಪೆ ಚಹಾ ಇಟ್ಟಳು. ಅವರು ಸುಮ್ಮನೆ ಲೋಟ ಎತ್ತಿಕೊಂಡರು, ಕೊನೆಯ ದಿನವೂ ನನ್ನ ಗುಟ್ಟು ಬಿಡಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅವರ ಚಾಕ್ಕ ಸಕ್ಕರಿ ಹಾಕವ್ವ" ಎಂದೆ. "ಆ ಕಾಯಿಲಿ ಅವರದಲ್ಲ, ನಂದು. ಹೊಟ್ಟಿ ಕೆಟ್ಟು ಬಸ್ ನಿಲ್ಲಸ್ತಿದ್ದಾಕಿ ನಾನು."

ಅವ್ವ ಅವರನ್ನೂ ನನ್ನನ್ನೂ ನೋಡಿ, ಡಬ್ಬಿ ತೆಗೆದು, ಎರಡು ಚಮಚ ಹಾಕಿ, ಮತ್ತೊಂದು ಹಾಕಿದಳು. ಕಂಡಕ್ಟರಣ್ಣ ಕಲಕದೆ ಕುಡಿದರು.

ಇಂದಿಗೂ ಮಾತ್ರೆ ನುಂಗುತ್ತೇನೆ, ಇಂದಿಗೂ ಪಾಠ ಮಾಡುತ್ತೇನೆ. ಕಿಣ್ವಗಳ ಪಾಠ ಬಂದಾಗ ಮಕ್ಕಳಿಗೆ ಪಪ್ಪಾಯಿಯ ಉದಾಹರಣೆಯನ್ನೇ ಕೊಡುತ್ತೇನೆ. ಹೇಳುತ್ತಿರುವಾಗ ನನ್ನ ಕಣ್ಣ ಮುಂದೆ ಬರುವುದು, ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಿನಿಂದ ತೆಗೆದು, ಆ ಮುರಿದ ಹಲ್ಲು ಕಾಣುವಂತೆ ನಗುತ್ತ ಚೀಪಿದ ಅವರ ಮುಖ.