ಆರ್ಲೀನ್ ಬಿಡದ ಜಾಗ

ಅಮೆರಿಕದ ನೆಬ್ರಾಸ್ಕಾದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ಆರ್ಲೀನ್ ಕುಬಿಚೆಕ್, ಚಂದ್ರನ ಅಂಚು ಸವರಿ ಹೋಗುವ ನಕ್ಷತ್ರಗಳ ಹಿಂದೆ ಬಿದ್ದವಳು. ಆ ಚಳಿಯ ಸಂಜೆ ಅವಳೂ ಗೆಳೆಯರೂ ಮಣ್ಣುದಾರಿಯುದ್ದಕ್ಕೂ ದೂರದೂರ ದೂರದರ್ಶಕ ಹೂಡಿದ್ದರು. ಪಕ್ಕದ ಹೊಲದ ಒಡೆಯ ಪಿಕಪ್ ಗಾಡಿ ತಂದು ಅವಳ ಮುಖಕ್ಕೇ ಅದರ ದೀಪ ಬಿಟ್ಟ.

“ಜಾಗ ಖಾಲಿ ಮಾಡಮ್ಮ. ಚಂದ್ರ ನಿಮ್ಮನೆ ಮೇಲೂ ಇರ್ತಾನೆ.”

“ಇರ್ತಾನೆ. ಆದ್ರೆ ನಕ್ಷತ್ರ ಅವನ ಬೆಟ್ಟಗಳ ಸಂದೀಲಿ ಇಣುಕೋದು ಈ ದಾರೀಲಿ ನಿಂತ್ರೆ ಮಾತ್ರ ಕಾಣೋದು. ದಾರಿ ಸರ್ಕಾರದ್ದು, ನಿಮ್ಮಪ್ಪಂದಲ್ಲ.”

ಅವನು ದೀಪ ಆರಿಸಲಿಲ್ಲ. ಆರ್ಲೀನ್ ತನ್ನ ಕೋಟು, ಕಂಬಳಿ ಎರಡನ್ನೂ ಆ ದೀಪಗಳಿಗೆ ಹೊದಿಸಿದಳು. ಹಲ್ಲು ಕಟಕಟಿಸುತ್ತಿದ್ದರೂ, ಸಮಯ ಹೇಳುವ ರೇಡಿಯೋದ ಟಿಕ್‌ಟಿಕ್ ಜೊತೆಗೆ, ನಕ್ಷತ್ರ ಮರೆಯಾದಾಗ, ಮತ್ತೆ ಕಂಡಾಗ “ಹೋಯ್ತು, ಬಂತು, ಹೋಯ್ತು” ಎಂದು ಟೇಪ್ ರೆಕಾರ್ಡರಿಗೆ ಕೂಗುತ್ತಲೇ ಇದ್ದಳು. ಅವನ ಬೈಗುಳವೂ ಅದರಲ್ಲಿ ಸೇರಿತು.

ಟೇಪಿನಿಂದ ಆ ಬೈಗುಳ ಅಳಿಸೋಣವೆಂದು ಗೆಳೆಯರು ಅಂದಾಗ, “ಇರಲಿ ಬಿಡ್ರಪ್ಪ, ನಾನು ಕದಲಲಿಲ್ಲ ಅನ್ನೋದಕ್ಕೆ ಅವನೇ ಸಾಕ್ಷಿ” ಎಂದಳು.