ಬಂದೆ ಸಿಸ್ಟರ್

ವಾರ್ಡಿಗೆ ನರ್ಸಾಗಿ ಸೇರಿ ಇನ್ನೂ ವರ್ಷ ತುಂಬದ ಈ ಹುಡುಗಿಗೆ ರೋಗಿಗಳು ಇಟ್ಟ ಹೆಸರು ‘ಬಂದೆ ಸಿಸ್ಟರ್’. ಯಾರು ಕರೆದರೂ “ಬಂದೆ, ಬಂದೆ” ಎನ್ನುತ್ತಾಳೆ. ಎನ್ನುವಷ್ಟರಲ್ಲಿ ಇನ್ನೊಂದು ಕಡೆಗೆ ಓಡಿರುತ್ತಾಳೆ. ಒಂದು ಕೈಯಲ್ಲಿ ಡ್ರಿಪ್ ಬಾಟಲಿ, ಇನ್ನೊಂದರಲ್ಲಿ ಯಾರದೋ ಬೆಡ್‌ಪ್ಯಾನ್, ಬಾಯಲ್ಲಿ ಪೆನ್ನಿನ ಮುಚ್ಚಳ. ಟೀಯನ್ನು ಬಿಸಿಯಾಗಿ ಕುಡಿದದ್ದು ಅವಳಿಗೆ ನೆನಪೇ ಇಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೂ “ಬಂದೆ” ಎಂದು ಎದ್ದು ಚಪ್ಪಲಿ ಹುಡುಕುತ್ತಾಳೆ. “ನಿನ್ನ ಕಾಲಿಗೆ ಯಾರೇ ಚಕ್ರ ಕಟ್ಟಿದ್ದು?” ಎಂದು ಅಮ್ಮ ರೇಗಿದರೆ, ಬಚ್ಚಲಿನಿಂದ ಬರುವ ಉತ್ತರವೂ ಅದೇ. ಡ್ಯೂಟಿ ಮುಗಿಯುವಾಗ ಹೆಡ್ ನರ್ಸ್ ಹೊಸಬರನ್ನೆಲ್ಲ ಕೂರಿಸಿಕೊಂಡು, “ಇವತ್ತು ಮನಸ್ಸಿಗೆ ಏನು ನಾಟ್ತು, ಹೇಳ್ರಮ್ಮಾ” ಎನ್ನುತ್ತಾರೆ. ಉಳಿದವರು ಅತ್ತು, ಡಾಕ್ಟರನ್ನು ಬೈದು ಹಗುರಾಗುತ್ತಾರೆ. ಇವಳು ಮಾತ್ರ “ಏನೂ ಇಲ್ಲ ಸಿಸ್ಟರ್” ಎಂದು ಮುಳ್ಳಿನ ಮೇಲೆ ಕೂತವಳಂತೆ ಕುರ್ಚಿಯ ತುದಿಯಲ್ಲಿರುತ್ತಾಳೆ. ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿಯ ವಿಷಯವನ್ನು ಅವಳು ಅಲ್ಲಿ ಇನ್ನೂ ಹೇಳಿಲ್ಲ. “ಒಂದು ಗಳಿಗೆ ನನ್ನ ಹತ್ರ ಕೂತ್ಕೋ ಮಗಳೇ” ಎಂದಿದ್ದರು ಆ ಅಜ್ಜಿ. “ಬಂದೆ ಅಜ್ಜಿ” ಎಂದು ಹೋದವಳು ವಾಪಸು ಬರುವಷ್ಟರಲ್ಲಿ ಅವರ ಉಸಿರು ನಿಂತಿತ್ತು. ಅಂದಿನಿಂದ ಡ್ಯೂಟಿ ಮುಗಿದ ಮೇಲೆ, ಬಟ್ಟೆ ಬದಲಿಸಿ ಹೆಗಲಿಗೆ ಬ್ಯಾಗು ಹಾಕಿಕೊಂಡವಳು, ನೇರ ಮನೆಗೆ ಹೋಗದೆ ಆ ಹಾಸಿಗೆಯ ಪಕ್ಕಕ್ಕೆ ಸ್ಟೂಲ್ ಎಳೆದು ಕೂರುತ್ತಾಳೆ. ಅಲ್ಲಿ ಈಗ ಬೇರೆ ಯಾರೋ ಮಲಗಿದ್ದಾರೆ. “ನಾನು ಕರೀಲೇ ಇಲ್ವಲ್ಲಮ್ಮಾ?” ಎಂದು ಆಕೆ ಗಾಬರಿಯಾಗುತ್ತಾರೆ. “ಗೊತ್ತಮ್ಮಾ, ಸುಮ್ನೆ ಕೂತ್ಕೊಳ್ತೀನಿ” ಎನ್ನುತ್ತಾಳೆ. ಸ್ಟೂಲಿನ ಕೆಳಗೆ ಅವಳ ಕಾಲು ಮಾತ್ರ ಆಗಲೂ ಓಡುತ್ತಲೇ ಇರುತ್ತದೆ.